ರೋಮ್‌ನ ಟೆರ್ಮಿನಿ ಬಳಿಯ ಸಾಧಾರಣ ಹೋಟೆಲಿನಲ್ಲಿ ಹಿರಿಯರೊಂದಿಗೆ ಉಳಿಯಬಹುದೇ?

ದಾವಣಗೆರೆಯಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಎರಡನೆಯ ವಾರ ಅಪ್ಪ, ಅಮ್ಮ, ನಾನು ಮತ್ತು ನನ್ನ ಎಂಟು ವರ್ಷದ ಮಗಳು ರೋಮ್‌ಗೆ ಹೊರಟಿದ್ದೇವೆ. ಅಲ್ಲಿ ನಾಲ್ಕು ರಾತ್ರಿ. ಅಪ್ಪನಿಗೆ 71 ವರ್ಷ, ಮಂಡಿ ನೋವು. ಅಮ್ಮ ಮೊಟ್ಟೆ ಹಾಕಿದ್ದನ್ನೂ ತಿನ್ನುವುದಿಲ್ಲ. ಟೆರ್ಮಿನಿ ರೈಲು ನಿಲ್ದಾಣದ ಹತ್ತಿರ ಒಂದು ನಕ್ಷತ್ರದ ಹೋಟೆಲ್ ನಮ್ಮ ಕೈಗೆಟುಕುವ ಬಾಡಿಗೆಗೆ ಸಿಗುತ್ತಿದೆ. ಚಿತ್ರದಲ್ಲಿ ಕೋಣೆ ಚೊಕ್ಕಟವಾಗಿಯೇ ಕಾಣುತ್ತದೆ. ಆದರೆ ಆ ನಿಲ್ದಾಣದ ಆಸುಪಾಸು ಒಳ್ಳೆಯದಲ್ಲ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಇಂಥ ಹೋಟೆಲಿನಲ್ಲಿ ಹಿರಿಯರನ್ನು ಕರೆದುಕೊಂಡು ಉಳಿದವರಿದ್ದರೆ, ಅಲ್ಲಿ ನಿಜವಾಗಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ದಯವಿಟ್ಟು ತಿಳಿಸಿ.

ಮೈಸೂರಿನಿಂದ:

ಧಾರಾಳವಾಗಿ ಉಳಿಯಬಹುದು. ನಾವು ನಮ್ಮ ಅತ್ತೆಯವರೊಂದಿಗೆ ಐದು ರಾತ್ರಿ ಅಂಥದ್ದೇ ಹೋಟೆಲಿನಲ್ಲಿದ್ದೆವು. ಆಗ ಅವರಿಗೆ 68. ಆದರೆ ಹಣ ಕಟ್ಟುವ ಮೊದಲು ಹೋಟೆಲಿನವರಿಗೆ ಬರೆದು ಮೂರು ಸಂಗತಿ ಕೇಳಿ. ಹೋಟೆಲ್ ಎಷ್ಟನೆಯ ಮಹಡಿಯಲ್ಲಿದೆ? ಲಿಫ್ಟ್ ಬೀದಿಯ ಮಟ್ಟದಿಂದಲೇ ಹೊರಡುತ್ತದೆಯೇ, ಅದಕ್ಕೂ ಮೊದಲು ಮೆಟ್ಟಿಲುಗಳಿವೆಯೇ? ಸ್ನಾನದ ಮನೆ ಕೋಣೆಯ ಒಳಗೇ ಇದೆಯೇ? ನಕ್ಷತ್ರ ಒಂದೋ ಎರಡೋ ಎಂಬುದಕ್ಕಿಂತ ನಿಮ್ಮ ತಂದೆಯವರಿಗೆ ಈ ಮೂರೇ ಮುಖ್ಯ.

ಯಾಕೆ ಹೀಗೆ ಹೇಳುತ್ತೇನೆಂದರೆ, ಟೆರ್ಮಿನಿ ಸುತ್ತಲಿನ ಅಗ್ಗದ ಹೋಟೆಲುಗಳಲ್ಲಿ ಬಹಳಷ್ಟಕ್ಕೆ ಸ್ವಂತ ಕಟ್ಟಡವಿಲ್ಲ. 1871ರಲ್ಲಿ ರೋಮ್ ಇಟಲಿಯ ರಾಜಧಾನಿಯಾದ ಮೇಲೆ ಆ ಭಾಗದಲ್ಲಿ ಸಾಲು ಸಾಲಾಗಿ ಎದ್ದ ಐದಾರು ಮಹಡಿಯ ವಸತಿ ಕಟ್ಟಡಗಳವು. ದಪ್ಪ ಗೋಡೆ, ಎತ್ತರದ ಛಾವಣಿ, ನಡುವೆ ಅಂಗಳ. ಒಂದು ಮಹಡಿಯಲ್ಲಿ ಹೋಟೆಲ್, ಅದರ ಮೇಲೆ ವಕೀಲರ ಕಚೇರಿ, ಇನ್ನೂ ಮೇಲೆ ಯಾರದೋ ಸಂಸಾರ. ಲಿಫ್ಟನ್ನು ಎಷ್ಟೋ ವರ್ಷಗಳ ನಂತರ ಮೆಟ್ಟಿಲುಗಳ ನಡುವಿನ ಜಾಗದಲ್ಲಿ ಕೂರಿಸಿದ್ದಾರೆ. ಹಾಗಾಗಿ ನಮ್ಮ ಹೋಟೆಲಿನ ಲಿಫ್ಟಿನಲ್ಲಿ ಇಬ್ಬರು ನಿಂತರೆ ಚೀಲಕ್ಕೆ ಜಾಗವಿರಲಿಲ್ಲ, ಬೀದಿ ಬಾಗಿಲಿನಿಂದ ಲಿಫ್ಟ್ ಮುಟ್ಟಲು ಏಳು ಮೆಟ್ಟಿಲು ಬೇರೆ. ಅತ್ತೆಯವರು ದಿನಕ್ಕೆ ನಾಲ್ಕು ಬಾರಿ ಆ ಏಳು ಮೆಟ್ಟಿಲು ಹತ್ತಿಳಿದರು. ‘ಲಿಫ್ಟ್ ಇದೆ’ ಎಂದಷ್ಟೇ ಬರೆದಿದ್ದ ಹೋಟೆಲಿನವರು ಸುಳ್ಳು ಹೇಳಿರಲಿಲ್ಲ. ನಾವು ಸರಿಯಾಗಿ ಕೇಳಿರಲಿಲ್ಲ.

ಬೀದಿಯಲ್ಲಿ ದೊಡ್ಡ ಫಲಕ ಹುಡುಕಬೇಡಿ. ಎತ್ತರದ ಮರದ ಬಾಗಿಲು ಮುಚ್ಚಿರುತ್ತದೆ. ಪಕ್ಕದಲ್ಲಿ ಗುಂಡಿಗಳ ಸಾಲು, ಪ್ರತಿ ಗುಂಡಿಯ ಎದುರು ಒಂದು ಹೆಸರು. ಹೋಟೆಲಿನ ಹೆಸರಿನ ಗುಂಡಿ ಒತ್ತಿದರೆ ಮೇಲಿನಿಂದ ಬಾಗಿಲು ತೆರೆಯುತ್ತಾರೆ. ಸಣ್ಣ ಹೋಟೆಲುಗಳಲ್ಲಿ ರಾತ್ರಿಯೆಲ್ಲ ಆಳು ಇರುವುದಿಲ್ಲ, ಆದ್ದರಿಂದ ತಲುಪುವ ಗಂಟೆಯನ್ನು ಮೊದಲೇ ತಿಳಿಸಿ.

ಕೋಣೆಯಲ್ಲಿ ಮಂಚ, ಬೀರು, ಕುರ್ಚಿ, ಒಂದು ಪುಟ್ಟ ಟಿವಿ. ಕೆಟಲ್ ಇರಲಿಲ್ಲ, ಕುಡಿಯುವ ನೀರಿನ ಬಾಟಲಿಯೂ ಇರಲಿಲ್ಲ. ಹಾಸಿಗೆ ಬಟ್ಟೆ ಮಾತ್ರ ಶುಭ್ರವಾಗಿತ್ತು. ಅಂಗಳದ ಕಡೆಗೆ ಕಿಟಕಿ ಇರುವ ಕೋಣೆ ಕೇಳಿ ಪಡೆಯಿರಿ. ಬೆಳಕು ಕಡಿಮೆ, ಆದರೆ ಹಿರಿಯರಿಗೆ ನಿದ್ದೆ ಬರುತ್ತದೆ.

ಸ್ನಾನದ ಮನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಷವರ್ ಪಕ್ಕದಲ್ಲಿ ಮೇಲಿನಿಂದ ಒಂದು ದಾರ ಇಳಿಬಿದ್ದಿರುತ್ತದೆ. ಅದು ಬಟ್ಟೆ ಒಣಹಾಕಲು ಇರುವುದಲ್ಲ, ದೀಪದ ಸ್ವಿಚ್ಚೂ ಅಲ್ಲ. ಒಳಗೆ ಜಾರಿ ಬಿದ್ದವರು ಸಹಾಯಕ್ಕೆ ಎಳೆಯುವ ಗಂಟೆಯ ದಾರ. ತಂದೆಯವರಿಗೆ ಮೊದಲ ದಿನವೇ ತೋರಿಸಿಡಿ. ಇನ್ನೊಂದು, ಕಮೋಡಿನ ಪಕ್ಕದಲ್ಲಿ ‘ಬಿಡೇ’ ಎಂಬ ತಗ್ಗಿನ ಬೇಸಿನ್ ಇರುತ್ತದೆ. ಅದು ತೊಳೆದುಕೊಳ್ಳುವುದಕ್ಕೆ. 1975ರ ಸರ್ಕಾರಿ ಆದೇಶದಂತೆ ಅಲ್ಲಿ ಮನೆ ಎಂದ ಮೇಲೆ ಒಂದು ಬಿಡೇ ಇರಲೇಬೇಕು. ಹೋಟೆಲುಗಳಲ್ಲೂ ಸಾಮಾನ್ಯವಾಗಿ ಇರುತ್ತದೆ. ಯುರೋಪಿನ ಬೇರೆ ಊರುಗಳಲ್ಲಿ ಬರಿಯ ಕಾಗದದಿಂದ ಕಷ್ಟಪಟ್ಟಿದ್ದ ನಮ್ಮ ಅತ್ತೆಯವರಿಗೆ ಇಟಲಿ ಇಷ್ಟವಾಗಲು ಇದೂ ಒಂದು ಕಾರಣ. ಹಾಗಿದ್ದರೂ ಒಂದು ಪ್ಲಾಸ್ಟಿಕ್ ಮಗ್ ಚೀಲದಲ್ಲಿರಲಿ.

ಬಾಡಿಗೆಯ ಜೊತೆಗೆ ನಗರದ ವಸತಿ ತೆರಿಗೆ ಬೇರೆ ಕೊಡಬೇಕು. ತಲೆಗೆ, ರಾತ್ರಿಗೆ, ಒಂದು ನಕ್ಷತ್ರಕ್ಕೆ 4 ಯೂರೋ, ಎರಡಕ್ಕೆ 5, ಮೂರಕ್ಕೆ 6. ಹತ್ತು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಅಂದರೆ ನಿಮಗೆ ನಾಲ್ಕು ರಾತ್ರಿಗೆ 48 ಯೂರೋ. ಕಾಯ್ದಿರಿಸುವಾಗ ಕಾಣುವ ಮೊತ್ತದಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ. ನಮ್ಮಲ್ಲಿ ನಗದನ್ನೇ ಕೇಳಿದರು, ರಸೀದಿ ಕೊಟ್ಟರು.

ಬೆಂಗಳೂರಿನಿಂದ:

ಮೈಸೂರಿನವರು ಹೇಳಿದ ಮೂರನೆಯ ಪ್ರಶ್ನೆಯನ್ನು ನಾನು ಕೇಳದೆ ಪಟ್ಟ ಪಾಡು ಹೇಳುತ್ತೇನೆ. ‘ಖಾಸಗಿ ಸ್ನಾನದ ಮನೆ’ ಎಂದು ಓದಿ ಹಣ ಕಟ್ಟಿದೆ. ಹೋಗಿ ನೋಡಿದರೆ ಅದು ನಮ್ಮೊಬ್ಬರಿಗೇ ಮೀಸಲು, ಬೀಗದ ಕೈಯೂ ನಮ್ಮದೇ, ಆದರೆ ಇದ್ದದ್ದು ಕಾರಿಡಾರಿನ ಆ ತುದಿಯಲ್ಲಿ. ಮಧುಮೇಹವಿರುವ ನಮ್ಮ ತಂದೆ ರಾತ್ರಿ ಮೂರು ಸಲ ಎದ್ದು ಅಷ್ಟು ದೂರ ನಡೆಯಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಇಟಾಲಿಯನ್ ಭಾಷೆಯ ಈ ಪದಗಳನ್ನು ಬರೆದಿಟ್ಟುಕೊಳ್ಳಿ. ‘ಬಾನ್ಯೋ ಇನ್ ಕಾಮೆರಾ’ ಎಂದರೆ ಕೋಣೆಯೊಳಗೆ. ‘ಬಾನ್ಯೋ ಪ್ರಿವಾತೋ ಎಸ್ಟೆರ್ನೋ’ ಎಂದರೆ ನಮ್ಮದೇ, ಆದರೆ ಹೊರಗೆ. ‘ಬಾನ್ಯೋ ಇನ್ ಕೊಮೂನೆ’ ಎಂದರೆ ಎಲ್ಲರಿಗೂ ಸೇರಿ. ಮಂಚಕ್ಕೂ ಹೀಗೆಯೇ. ‘ಮಾತ್ರಿಮೊನಿಯಾಲೆ’ ಎಂದರೆ ದಂಪತಿಗಳ ಒಂದೇ ದೊಡ್ಡ ಮಂಚ, ‘ದೊಪ್ಪಿಯಾ’ ಎಂದರೆ ಎರಡು ಪ್ರತ್ಯೇಕ ಮಂಚ.

ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್. ಎರಡು ಕಡ್ಡಿಯ ಮೊಬೈಲ್ ಚಾರ್ಜರ್ ನಮ್ಮದು ನೇರವಾಗಿ ಹಿಡಿಯಿತು. ಮೂರು ಕಡ್ಡಿಯ ಪ್ಲಗ್ ಮಾತ್ರ ಹಿಡಿಯುವುದಿಲ್ಲ, ಅಲ್ಲಿನ ಮೂರು ರಂಧ್ರ ಒಂದೇ ಸಾಲಿನಲ್ಲಿರುತ್ತವೆ. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ರೋಮ್‌ನಲ್ಲಿ ಓದುತ್ತಿರುವವನಿಂದ:

ನಾನು ಸಾಪಿಯೆನ್ಸಾ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಟೆರ್ಮಿನಿಯಿಂದ ಕಾಲ್ನಡಿಗೆಯ ದೂರದಲ್ಲೇ ಇದ್ದೇನೆ. ನಿಮ್ಮ ನೆಂಟರ ಭಯದ ಬಗ್ಗೆ ಹೇಳುತ್ತೇನೆ ಮೇಡಂ. ನಿಲ್ದಾಣದ ಎರಡು ಪಕ್ಕಗಳು ಒಂದೇ ಥರ ಇಲ್ಲ. ವಿಯಾ ಮಾರ್ಸಾಲಾ ಬೀದಿಯ ಕಡೆ, ಅಂದರೆ ವಿಯಾ ಮಜೆಂತಾ, ವಿಯಾ ಪಾಲೆಸ್ತ್ರೋ, ಕಾಸ್ತ್ರೋ ಪ್ರೆತೋರಿಯೋದತ್ತ, ರಾತ್ರಿ ಹೊತ್ತು ಶಾಂತ. ವಿಯಾ ಜೊಲಿತ್ತಿ ಕಡೆ ಎಸ್ಕ್ವಿಲಿನೋ ಬಡಾವಣೆ. ಜನ ಜಾಸ್ತಿ, ಅಂಗಡಿ ಜಾಸ್ತಿ, ನಿಲ್ದಾಣದ ಗೋಡೆಯುದ್ದಕ್ಕೂ ಮಲಗುವ ನಿರಾಶ್ರಿತರೂ ಇದ್ದಾರೆ. ಅವರಿಂದ ನನಗೆ ಯಾವ ತೊಂದರೆಯೂ ಆಗಿಲ್ಲ. ರಾತ್ರಿ ಹತ್ತರ ನಂತರ ಹಿರಿಯರನ್ನು ಕರೆದುಕೊಂಡು ನಡೆಯಲು ನಾನು ಮೊದಲನೆಯ ಕಡೆಯನ್ನೇ ಆರಿಸುತ್ತೇನೆ.

ನಿಜವಾದ ಅಪಾಯ ಹೋಟೆಲಿನ ಬೀದಿಯಲ್ಲಿಲ್ಲ, ಜೇಬುಗಳ್ಳರು ಇರುವ ಕಡೆ ಇದೆ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೆಯ ನಂಬರಿನ ಬಸ್, ಮೆಟ್ರೋದ ಎ ಮಾರ್ಗ, ಟಿಕೆಟ್ ಯಂತ್ರದ ಬಳಿ ‘ಸಹಾಯ ಮಾಡುತ್ತೇನೆ’ ಎಂದು ಬರುವ ಅಪರಿಚಿತರು. ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. ಒಂದು ವೇಳೆ ಕಳೆದರೆ ಭಾರತದ ರಾಯಭಾರ ಕಚೇರಿ ವಿಯಾ ವೆಂತಿ ಸೆತ್ತೆಂಬ್ರೆ ಬೀದಿಯ 5ನೆಯ ಸಂಖ್ಯೆಯಲ್ಲಿದೆ, ಟೆರ್ಮಿನಿಯಿಂದ ನಡೆದೇ ಹೋಗಬಹುದು. ತುರ್ತು ಕರೆಗೆ 112.

ಹೋಟೆಲಿನವರು ಎಲ್ಲರ ಪಾಸ್‌ಪೋರ್ಟನ್ನೂ ಕೇಳುತ್ತಾರೆ, ಗಾಬರಿಯಾಗಬೇಡಿ. ಉಳಿಯುವವರ ವಿವರವನ್ನು ಪೊಲೀಸರಿಗೆ ಕಳಿಸುವುದು ಅವರ ಮೇಲಿನ ಕಾನೂನಿನ ಹೊಣೆ. ನೋಡಿ, ಬರೆದುಕೊಂಡು, ಹಿಂತಿರುಗಿಸಬೇಕು. ಹಾಗೆಯೇ 2025ರ ಜನವರಿಯಿಂದ ಪ್ರವಾಸಿ ವಸತಿಗಳಿಗೆಲ್ಲ ಒಂದು ರಾಷ್ಟ್ರೀಯ ಗುರುತಿನ ಸಂಕೇತ ಕಡ್ಡಾಯವಾಗಿದೆ, ‘ಚಿನ್’ ಎನ್ನುತ್ತಾರೆ. ಜಾಹೀರಾತಿನಲ್ಲಿ ಅದು ಕಾಣದಿದ್ದರೆ ಆ ವಸತಿಯನ್ನು ಬಿಟ್ಟುಬಿಡಿ.

ನೀವು ಬರುವುದು ಏಪ್ರಿಲ್ ಎರಡನೆಯ ವಾರ. ರೋಮ್‌ನಲ್ಲಿ ವಸತಿ ಕಟ್ಟಡಗಳನ್ನು ಬೆಚ್ಚಗಿಡುವ ವ್ಯವಸ್ಥೆಗೆ ಸಾಮಾನ್ಯವಾಗಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಮಾತ್ರ ಅನುಮತಿ, ಅದೂ ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಆ ದಪ್ಪ ಗೋಡೆಗಳು ರಾತ್ರಿ ತಣ್ಣಗಿರುತ್ತವೆ. ಮಂಡಿ ನೋವಿನವರಿಗೆ ಇನ್ನೊಂದು ಕಂಬಳಿ ಮೊದಲೇ ಕೇಳಿಡಿ.

ಧಾರವಾಡದಿಂದ:

ನಿಮ್ಮ ತಾಯಿಯವರ ಊಟದ ಚಿಂತೆಗೆ ನಾನು ಉತ್ತರಿಸುತ್ತೇನೆ. ನಾನೂ ಮೊಟ್ಟೆ ತಿನ್ನುವವಳಲ್ಲ.

ಹೋಟೆಲಿನ ಬೆಳಗಿನ ತಿಂಡಿಯನ್ನು ನೆಚ್ಚಬೇಡಿ. ಕೊರ್ನೆತ್ತೋ ಎಂಬ ಸಿಹಿ ಬನ್ನು ಸಾಮಾನ್ಯ, ಅದರಲ್ಲಿ ಮೊಟ್ಟೆ ಇರುತ್ತದೆ. ಜೊತೆಗೆ ಪೊಟ್ಟಣದ ರಸ್ಕು, ಜಾಮು, ಕಾಫಿ. ನಾವು ಇಲ್ಲಿಂದ ತೆಳು ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಯ್ದಿದ್ದೆವು. ಅಲ್ಲಿ ಸಕ್ಕರೆ ಹಾಕದ ಬಿಳಿ ಯೋಗರ್ಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ‘ಬಿಯಾಂಕೋ’ ಎಂದು ನೋಡಿ ಕೊಳ್ಳಿ. ಅವಲಕ್ಕಿಗೆ ಮೊಸರು, ಚಟ್ನಿಪುಡಿ ಕಲಸಿದರೆ ಬೆಂಕಿಯ ಹಂಗಿಲ್ಲ. ಕೋಣೆಯಲ್ಲಿ ಅಡುಗೆಯ ಪಾತ್ರೆಯನ್ನು ವಿದ್ಯುತ್ತಿಗೆ ಹಚ್ಚಬೇಡಿ. ಹೋಟೆಲಿನವರು ಒಪ್ಪುವುದಿಲ್ಲ, ಹಳೆಯ ವೈರಿಂಗ್ ಇರುವ ಕಟ್ಟಡದಲ್ಲಿ ಅದು ಅಪಾಯ ಕೂಡ.

ಎಸ್ಕ್ವಿಲಿನೋದಲ್ಲಿ ಪಿಯಾತ್ಸಾ ವಿತ್ತೋರಿಯೋ ಚೌಕದ ಬಳಿ ಛಾವಣಿಯಡಿಯ ಒಂದು ಮಾರುಕಟ್ಟೆ ಇದೆ, ನುವೋವೋ ಮೆರ್ಕಾತೋ ಎಸ್ಕ್ವಿಲಿನೋ. ಬೆಳಿಗ್ಗೆ ಹೋಗಿ. ಬಾಂಗ್ಲಾದೇಶದವರ ಅಂಗಡಿಗಳಲ್ಲಿ ಬೆಂಡೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಕಂಡು ನಮ್ಮ ತಾಯಿ ಅಲ್ಲೇ ಅರ್ಧ ಗಂಟೆ ನಿಂತರು. ಅಡುಗೆ ಮಾಡಲಾಗದಿದ್ದರೂ ಹಸಿಮೆಣಸಿನಕಾಯಿ, ಸೌತೆಕಾಯಿ, ಬಾಳೆಹಣ್ಣು ಕೊಂಡು ತಂದೆವು.

ಹೊರಗಿನ ಊಟದಲ್ಲಿ ತೂಕಕ್ಕೆ ಮಾರುವ ಪಿಜ್ಜಾ ಅಂಗಡಿ ನಂಬಿಕಸ್ತ. ಎಷ್ಟು ಬೇಕೆಂದು ಕೈಯಿಂದ ತೋರಿಸಿದರೆ ಕತ್ತರಿಸಿ ಕೊಡುತ್ತಾರೆ. ‘ಮಾರಿನಾರಾ’ದಲ್ಲಿ ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಇರುತ್ತದೆ, ಚೀಸ್ ಇಲ್ಲ. ಅದೇ ಅಂಗಡಿಯಲ್ಲಿರುವ ‘ಸುಪ್ಲಿ’ ಎಂಬ ಅಕ್ಕಿಯ ಬೋಂಡಾದಂಥದ್ದನ್ನು ಮುಟ್ಟಬೇಡಿ, ಸಾಂಪ್ರದಾಯಿಕ ಸುಪ್ಲಿಯಲ್ಲಿ ಮಾಂಸದ ಸಾರು ಬೆರೆಸಿರುತ್ತಾರೆ. ಪಾಸ್ತಾದಲ್ಲಿ ತಾಜಾ ಹಿಟ್ಟಿನದಕ್ಕೆ ಹೆಚ್ಚಾಗಿ ಮೊಟ್ಟೆ ಹಾಕುತ್ತಾರೆ, ಒಣ ಪಾಸ್ತಾಕ್ಕೆ ಸಾಮಾನ್ಯವಾಗಿ ಇಲ್ಲ. ಪಾರ್ಮಿಜಾನೋ, ಪೆಕೊರಿನೋ ಚೀಸುಗಳಿಗೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ತಾಯಿಯವರಿಗೆ ಹೇಳಿಬಿಡಿ, ನಿರ್ಧಾರ ಅವರದು. ‘ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ, ಸೆನ್ಸಾ ಉವೋವಾ’, ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದೆ. ಕಾಗದದಲ್ಲಿ ಬರೆದು ತೋರಿಸಿದರೆ ಸಾಕು.

ಮಂಗಳೂರಿನಿಂದ:

ಒಂದು ನಕ್ಷತ್ರದ ಹೋಟೆಲಿನ ಬಾಡಿಗೆಗೇ ಕ್ರೈಸ್ತ ಮಠಗಳ ಅತಿಥಿಗೃಹಗಳೂ ಕೆಲವು ಸಿಗುತ್ತವೆ, ‘ಕಾಸಾ ಪೆರ್ ಫೇರಿಯೆ’ ಎಂದು ಹುಡುಕಿ. ಯಾವ ಧರ್ಮದವರಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ನಾವು ಯಾತ್ರೆಗೆ ಹೋದಾಗ ಅಂಥಲ್ಲಿ ಉಳಿದಿದ್ದೆವು. ನೆಲ ಹೊಳೆಯುವಷ್ಟು ಶುಚಿ, ಟಿವಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುತ್ತಾರೆ. ವಯಸ್ಸಾದವರು, ಮಗು ಇರುವ ನಿಮಗೆ ಅದು ಭಾರವಾಗಲಾರದು.

ಮೈಸೂರಿನಿಂದ, ಮತ್ತೊಮ್ಮೆ:

ವಿಮಾನ ನಿಲ್ದಾಣದ ಮಾತು ಬಿಟ್ಟಿದ್ದೆ. ಫ್ಯುಮಿಚೀನೋದಿಂದ ಟೆರ್ಮಿನಿಗೆ ಲಿಯೊನಾರ್ಡೋ ಎಕ್ಸ್‌ಪ್ರೆಸ್ ರೈಲು 32 ನಿಮಿಷ, ತಲೆಗೆ 14 ಯೂರೋ. ದೊಡ್ಡವರ ಜೊತೆ ಹೋಗುವ ಮಗುವಿಗೆ ಟಿಕೆಟ್ ಇಲ್ಲ. ಹಾಗಾದರೆ ಮೂವರಿಗೆ 42. ಬಿಳಿಯ ಅಧಿಕೃತ ಟ್ಯಾಕ್ಸಿಗೆ ನಗರದ ಹಳೆಯ ಕೋಟೆಗೋಡೆಯಾದ ಔರೇಲಿಯನ್ ಗೋಡೆಯೊಳಗಿನ ಯಾವ ವಿಳಾಸಕ್ಕೂ ನಿಗದಿತ ದರ 55 ಯೂರೋ, ಚೀಲಗಳೂ ಸೇರಿ. ಟೆರ್ಮಿನಿ ಆ ಗೋಡೆಯೊಳಗೇ ಬರುತ್ತದೆ. ಹದಿಮೂರು ಯೂರೋ ಉಳಿಸಲು ಮಂಡಿ ನೋವಿನವರನ್ನು ಅಷ್ಟು ದೊಡ್ಡ ನಿಲ್ದಾಣದಲ್ಲಿ ನಡೆಸಬೇಡಿ.

ದಾವಣಗೆರೆಯಿಂದ, ಹಿಂತಿರುಗಿದ ಮೇಲೆ:

ಎಲ್ಲರಿಗೂ ಮನಸ್ಸಿನಿಂದ ಕೃತಜ್ಞತೆ. ಮೊದಲು ನೋಡಿದ್ದ ಹೋಟೆಲಿಗೆ ಮೂರೂ ಪ್ರಶ್ನೆ ಬರೆದೆ. ನಾಲ್ಕನೆಯ ಮಹಡಿ, ಲಿಫ್ಟಿಗೆ ಮೊದಲು ಹನ್ನೊಂದು ಮೆಟ್ಟಿಲು ಎಂದು ಮಾರನೆಯ ದಿನ ಉತ್ತರ ಬಂತು. ಪ್ರಾಮಾಣಿಕವಾಗಿ ತಿಳಿಸಿದ್ದಕ್ಕೆ ವಂದನೆ ಹೇಳಿ ಬಿಟ್ಟೆವು. ವಿಯಾ ಪಾಲೆಸ್ತ್ರೋ ಕಡೆ ಎರಡು ನಕ್ಷತ್ರದ ಇನ್ನೊಂದನ್ನು ಹಿಡಿದೆವು. ಮೊದಲನೆಯ ಮಹಡಿ, ಸ್ನಾನದ ಮನೆ ಒಳಗೆ, ತೆರಿಗೆ 60 ಯೂರೋ.

ಕೋಣೆ ಚಿತ್ರದಲ್ಲಿದ್ದುದಕ್ಕಿಂತ ಚಿಕ್ಕದು. ಷವರ್ ಇದ್ದ ಗಾಜಿನ ಗೂಡಿನಲ್ಲಿ ಅಪ್ಪನಿಗೆ ಬಗ್ಗಲು ಜಾಗವಿರಲಿಲ್ಲ, ನಾಲ್ಕು ದಿನವೂ ಬೇಸಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು ಕಾಲು ತೊಳೆದುಕೊಂಡರು. ರಾತ್ರಿಯ ಕಾವಲಿಗಿದ್ದ ಬಾಂಗ್ಲಾದೇಶದ ಹುಡುಗನಿಗೆ ಹಿಂದಿ ಬರುತ್ತಿತ್ತು. ಕೇಳುವ ಮೊದಲೇ ಅಮ್ಮನಿಗೆ ಬಿಸಿನೀರು ತಂದು ಕೊಡುತ್ತಿದ್ದ. ಬೀದಿಗಳಲ್ಲಿ ಸದಾ ಹರಿಯುವ ‘ನಸೋನೆ’ ನಲ್ಲಿಗಳ ನೀರು ಕುಡಿಯಲು ಯೋಗ್ಯ, ನಾವು ಬಾಟಲಿಯನ್ನೇ ಕೊಳ್ಳಲಿಲ್ಲ. ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ. ಮಗಳು ಪ್ರತಿ ನಲ್ಲಿಯ ಬಳಿಯೂ ನಿಂತು ತಾತನಿಗೆ ಹಾಗೆಯೇ ಕುಡಿಸಿದಳು.

ಮುಂದೆ ಹೋಗುವವರಿಗೆ ನಾಲ್ಕನೆಯ ಪ್ರಶ್ನೆಯೊಂದನ್ನು ಸೇರಿಸುತ್ತೇನೆ. ಷವರ್ ಜಾಗದ ಅಳತೆ ಎಷ್ಟು, ಒಳಗೆ ಹಿಡಿದುಕೊಳ್ಳಲು ಸರಳು ಇದೆಯೇ ಎಂದೂ ಕೇಳಿ. ನಮ್ಮದರಲ್ಲಿ ಇರಲಿಲ್ಲ.