ಸಹಾಯ ಬೇಕು: 'ಸೆಟ್' ಅನ್ನೋ ಪದ ಮಗಳಿಗೆ ಹೆಂಗ ತಿಳಿಸ್ಲಿ?

ನಮಸ್ಕಾರ್ರಿ ಎಲ್ಲಾರ್ಗೂ, ನಾವು ಕೊಪ್ಪಳದ ಕಡೆಯವ್ರು. ಮಗಳು ಒಂಬತ್ತನೇ ಕ್ಲಾಸು, ಇಂಗ್ಲಿಷ್‌ನ್ಯಾಗ 'ಸೆಟ್' ಬಂದ್ರ ಸಾಕು ತಲಿ ಕೆಡಿಸ್ಕೊಂತಾಳ. ನಮಗ ಸೆಟ್ ಅಂದ್ರ ಹೊಲದಾಗಿನ ಪಂಪ್‌ಸೆಟ್, ಹೋಟ್ಲಾಗಿನ ಸೆಟ್ ದೋಸೆ, ಅಷ್ಟ. ಆದ್ರ ಇಂಗ್ಲಿಷ್‌ನ್ಯಾಗ ಸೂರ್ಯ ಮುಳುಗಿದ್ರೂ ಸೆಟ್, ಸಿಮೆಂಟ್ ಗಟ್ಟಿ ಆದ್ರೂ ಸೆಟ್, ಅಲಾರಾಂ ಇಟ್ರೂ ಸೆಟ್, ಗಣಿತದಾಗಿನ ಗಣಕ್ಕೂ ಅದ ಹೆಸರು, ಮತ್ತ ಸೆಟ್ ಆಫ್ ಅಂದ್ರ ಹೊರಡೋದು ಬ್ಯಾರೆ. ನಿನ್ನೆ ರಾತ್ರಿ 'ಹಿ ಸೆಟ್ ದ ಟೇಬಲ್' ಅನ್ನೋದಕ್ಕ ನೋಟ್‌ಬುಕ್‌ನ್ಯಾಗ 'ಟೇಬಲ್ ರಿಪೇರಿ ಮಾಡಿದ' ಅಂತ ಬರದು, ರಬ್ಬರ್ ತಗೊಂಡು ಹಾಳಿ ಹರಿಯೋ ಹಂಗ ಅಳಿಸಿ ಅತ್ಲು ಪಾಪ. ಊಟಕ್ಕ ತಾಟು ಜೋಡ್ಸೋದು ಅಂತ ನಾನೂ ಡಿಕ್ಷನರಿ ನೋಡೇ ಹೇಳಿದ್ದು. ಭೂತಕಾಲದಾಗೂ ಸೆಟ್ ಸೆಟ್ಟಾಗೇ ಇರತೈತಲ್ರಿ, ಇವತ್ತಿಂದೋ ನಿನ್ನಿಂದೋ ಅಕಿಗೆ ತಿಳಿಯವಲ್ದು. ಬಾಯಿಪಾಠ ಮಾಡ್ಸೋದು ನನಗ ಸರಿ ಅನಸ್ವಲ್ದು. ಇಂಗ್ಲಿಷ್ ಟೀಚರ್ ಯಾರರ ಇದ್ರ, ವಾಕ್ಯ ನೋಡಿ ಅರ್ಥ ಹಿಡಿಯೋದು ಹೆಂಗ ಕಲಿಸ್ಬೇಕು, ಮೊದ್ಲು ಯಾವ ಅರ್ಥ ಸಾಕು, ದಯವಿಟ್ಟು ಹೇಳ್ರಿ, ಸೋಮವಾರ ಟೆಸ್ಟ್ ಐತ್ರಿ.