ಸ್ಟೀರಿಯೊ ಆಂಪ್ ಸಾಕಾ, ಮೊನೋ ಜೋಡಿ ಬೇಕಾ? ಶಿವಮೊಗ್ಗದ ರಿಪೇರಿಯವರ ಉತ್ತರ (ಮಾತಾಡಿದವರ ಹೆಸರಿನ ಬದಲು ಅವರ ಊರು ಹಾಕಿದೆ)

ತೀರ್ಥಹಳ್ಳಿ: ನಮಸ್ಕಾರ ಸರ್. 12x14 ಅಡಿ ರೂಮು, ಒಂದು ವಾಟ್‌ಗೆ 88 ಡೆಸಿಬೆಲ್ ಸದ್ದು ಕೊಡುವ ಸ್ಪೀಕರ್. ಒಂದು ಸ್ಟೀರಿಯೊ ಆಂಪ್ಲಿಫೈಯರ್ ಸಾಕಾ, ಎಡಕ್ಕೊಂದು ಬಲಕ್ಕೊಂದು ಮೊನೋ ತಗೊಳ್ಳೋದಾ?

ರಿಪೇರಿಯವರು: ನಮಸ್ಕಾರ. ಚಾನೆಲ್‌ಗೆ, ಅಂದ್ರೆ ಎಡ ಬಲ ಒಂದೊಂದಕ್ಕೆ, 50 ವಾಟ್ ಇರುವ ಒಳ್ಳೆ ಸ್ಟೀರಿಯೊ ಧಾರಾಳ ಸಾಕು. ಮೊನೋ ಜೋಡಿಗೆ ಬೇರೆ ಬೇರೆ ಪವರ್ ಸಪ್ಲೈ ಇರುತ್ತೆ, ಒಂದರ ಸದ್ದು ಇನ್ನೊಂದಕ್ಕೆ ನುಸುಳಲ್ಲ, ನಿಜ. ಅದರ ಲಾಭ ಗೊತ್ತಾಗೋದು ದೊಡ್ಡ ಹಾಲ್‌ನಲ್ಲಿ, ಜಾಸ್ತಿ ಕರೆಂಟ್ ಎಳೆಯುವ ಸ್ಪೀಕರ್ ಇದ್ದಾಗ. ಉಳಿದ ದುಡ್ಡು ಸ್ಪೀಕರ್‌ಗೆ ಹಾಕಿ.

ಸಾಗರ: ಮೊನೋ ಅಂದ್ರೆ ಒಂದೇ ಕಡೆಯಿಂದ ಹಾಡು ಬರೋದು ಅಲ್ವಾ?

ರಿಪೇರಿಯವರು: ಅಲ್ಲ. ಒಂದು ಆಂಪ್ ಪೆಟ್ಟಿಗೆಗೆ ಒಂದೇ ಚಾನೆಲ್. ಎರಡು ಪೆಟ್ಟಿಗೆ ಸೇರಿದರೆ ಸ್ಟೀರಿಯೊ.

ಹೊಸನಗರ: ಸರ್, ಮೊನೋ ಜೋಡಿ ತಂದು ಎರಡು ಗೋಡೆಯ ಸಾಕೆಟ್‌ಗೆ ಹಾಕಿದ್ದೆ. ಒಂದೇ ಸಮ ಗುಂಯ್ ಅನ್ನುತ್ತಿತ್ತು. ಅರ್ಥ್ ಪಿನ್ ತೆಗೆಯಿರಿ ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಬಂತು. ಎರಡರದ್ದೂ ತೆಗೆದೆ, ಶಬ್ದ ನಿಂತಿತು. ಈಗ ಪೆಟ್ಟಿಗೆ ಮುಟ್ಟಿದರೆ ಜುಮ್ ಅನ್ನುತ್ತೆ.

ರಿಪೇರಿಯವರು: ಮೊದಲು ಸ್ವಿಚ್ ಆಫ್ ಮಾಡಿ, ಎರಡೂ ಪ್ಲಗ್ ಕಿತ್ತು, ಆಮೇಲೆ ಮುಂದೆ ಓದಿ. ಜುಮ್ ಅನ್ನೋದು ಕರೆಂಟ್. ತಗಡಿನ ಪೆಟ್ಟಿಗೆಗೆ ಸೋರಿ ಬಂದಿದೆ, ಹೋಗೋಕೆ ಅರ್ಥ್ ಇಲ್ಲ, ನಿಮ್ಮ ಮೈಯಲ್ಲಿ ಹೋಗ್ತಿದೆ. ಒಳಗೆ ಇನ್ಸುಲೇಶನ್ ಪೂರ್ತಿ ಹೋದರೆ 230 ವೋಲ್ಟ್ ನೇರ ಪೆಟ್ಟಿಗೆಗೆ ಬರುತ್ತೆ. ಅರ್ಥ್ ಇದ್ದರೆ ಫ್ಯೂಸ್ ಹೋಗುತ್ತೆ. ಇಲ್ಲದಿದ್ದರೆ ಮುಟ್ಟಿದವರು ಹೋಗ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ರೆಡ್ ಆಕ್ಸೈಡ್ ನೆಲ ಬೆವರುತ್ತೆ, ಮನೆಯಲ್ಲಿ ಎಲ್ಲರೂ ಬರಿಗಾಲು. ಈ ಫಾರ್ವರ್ಡ್ ಕಳಿಸುವವರಿಗೆ ಅದು ಯಾಕೆ ಹೊಳೆಯಲ್ಲ?

ಗುಂಯ್ ಅನ್ನೋಕೆ ಕಾರಣ ಬೇರೆ. ಎರಡು ಸಾಕೆಟ್‌ನ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತೆ. ಆಂಪ್‌ಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರಿನ ಹೊರ ಜಾಲರಿಯಲ್ಲಿ ಆ ಕರೆಂಟ್ ಹರಿದು 50 ಹರ್ಟ್ಸ್ ಸದ್ದಾಗಿ ಕೇಳುತ್ತೆ. ಹೊಸ ಮೂರು ಪಿನ್ ಪ್ಲಗ್ ಹಾಕಿಸಿ. ಎರಡೂ ಆಂಪ್, ಪ್ರೀ ಆಂಪ್ (ಅವಕ್ಕೆ ಸಿಗ್ನಲ್ ಕೊಡುವ, ವಾಲ್ಯೂಮ್ ಇರುವ ಪೆಟ್ಟಿಗೆ) ಎಲ್ಲ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಕೊಡಿ. ಆಗಲೂ ನಿಲ್ಲದಿದ್ದರೆ ಸಿಗ್ನಲ್ ವೈರಿಗೆ, ಎರಡು ಕಡೆಯ ಅರ್ಥ್ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಮನೆಯ ಅರ್ಥಿಂಗ್ ಅಳತೆ ಮಾಡಿಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಸರಿಯಾಗಿ ಸಿಗಲ್ಲ.

ಕೊಪ್ಪ: ನಮ್ಮಣ್ಣನೂ ಪಿನ್ ತೆಗೆದಿದ್ದಾನೆ, ಏನೂ ಆಗಿಲ್ಲ.

ರಿಪೇರಿಯವರು: ಇನ್ನೂ ಆಗಿಲ್ಲ. ಇವತ್ತೇ ಹಾಕಿಸಿ.

ಭದ್ರಾವತಿ: ಏನೇ ಹೇಳಿ, 50ರ ಬದಲು 100 ವಾಟ್ ಮೊನೋ ಹಾಕಿದರೆ ಡಬಲ್ ಸದ್ದು.

ಸೊರಬ: 3 ಡೆಸಿಬೆಲ್ ಜಾಸ್ತಿ, ಅಷ್ಟೇ. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು.

ಭದ್ರಾವತಿ: ಲೆಕ್ಕ ಬಿಡಿ ಮಾರಾಯ್ರೇ, ಕಿವಿಯಲ್ಲಿ ಕೇಳಿ.

ಸೊರಬ: ಮೊನ್ನೆ ಇಲ್ಲೇ ಮಾರೋಕೆ ಹಾಕಿದ್ರಲ್ಲ, ಆ 100 ವಾಟ್ ಜೋಡಿ ನಿಮ್ಮದೇ ಅಲ್ವಾ?

ಭದ್ರಾವತಿ: ನನ್ನ ವ್ಯಾಪಾರ ನಿಮಗ್ಯಾಕೆ?

ಸಾಗರ: ಸ್ಟೀರಿಯೊ ಆಂಪನ್ನೇ ಬ್ರಿಜ್ ಮಾಡಿ (ಎರಡೂ ಚಾನೆಲ್ ಸೇರಿಸಿ ಒಂದೇ ಸ್ಪೀಕರ್‌ಗೆ ಕೊಟ್ಟು) ಮೊನೋ ಮಾಡಬಹುದಾ? ಸ್ಪೀಕರ್ 4 ಓಮ್.

ರಿಪೇರಿಯವರು: ಬೇಡ. ಒಂದೊಂದು ಚಾನೆಲ್‌ಗೂ 2 ಓಮ್ ಲೋಡ್ ಬೀಳುತ್ತೆ, ಕರೆಂಟ್ ಜಾಸ್ತಿ ಎಳೆದು ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು. ಭದ್ರಾವತಿಯವರು, ಸೊರಬದವರು ಜಗಳ ಬೇರೆ ಕಡೆ ಮಾಡಿ. ಹೊಸನಗರದವರೇ, ಪ್ಲಗ್ ಕಿತ್ತಿರಾ ಇಲ್ವಾ?

ಭದ್ರಾವತಿ: ಜಗಳ ಶುರು ಮಾಡಿದ್ದು ಯಾರು ಅಂತ ಮೇಲೆ ನೋಡಿ ಸರ್.

ಹೊಸನಗರ: ಕಿತ್ತೆ ಸರ್. ಎಲೆಕ್ಟ್ರಿಷಿಯನ್ ಗುರುವಾರ ಬರ್ತಾರಂತೆ.

ರಿಪೇರಿಯವರು: ಅಲ್ಲಿವರೆಗೆ ಹಾಡು ಬೇಡ.