ಮಕ್ಕಳ ಕಿವಿಗೆ ಕ್ಲಾರಿನೆಟ್ ಹಿಡಿಸುವುದು ಹೇಗೆ?

ಪ್ರಶ್ನೆ

ಏಳರಿಂದ ಹತ್ತು ವರ್ಷದೊಳಗಿನ ಮಕ್ಕಳ ಒಂದು ಗುಂಪಿಗೆ ನಾನು ಪಾಶ್ಚಾತ್ಯ ಆರ್ಕೆಸ್ಟ್ರಾದ ವಾದ್ಯಗಳನ್ನು ಒಂದೊಂದಾಗಿ ಪರಿಚಯಿಸುತ್ತಿದ್ದೇನೆ. ಪಿಟೀಲು, ಟ್ರಂಪೆಟ್, ಡ್ರಮ್‌ಗಳನ್ನು ಗುರುತಿಸಲು ಅವರಿಗೆ ಕಷ್ಟವಾಗಲಿಲ್ಲ. ಕ್ಲಾರಿನೆಟ್ ಎಂಬ ಊದುವ ವಾದ್ಯದ ಚಿತ್ರ ತೋರಿಸಿ, ಭಾಗಗಳ ಹೆಸರು ಹೇಳಿ, ಒಂಟಿಯಾಗಿ ನುಡಿಸಿದ್ದನ್ನು ಕೇಳಿಸಿದರೂ, ಇಡೀ ಆರ್ಕೆಸ್ಟ್ರಾ ನುಡಿಯತೊಡಗಿದೊಡನೆ ಅದು ಮಾತ್ರ ಅವರ ಕಿವಿಯಿಂದ ಜಾರಿಹೋಗುತ್ತದೆ. ಓಬೋ ಎಂಬ ಇನ್ನೊಂದು ಊದುವ ವಾದ್ಯ ಬಂದಾಗ ಕ್ಲಾರಿನೆಟ್ ಎನ್ನುತ್ತಾರೆ, ಕ್ಲಾರಿನೆಟ್ ಬಂದಾಗ ಫ್ಲೂಟ್ ಎನ್ನುತ್ತಾರೆ. ಮುಂದಿನ ವಾರ ವಾದಕರೊಬ್ಬರು ತರಗತಿಗೆ ಬರಲು ಒಪ್ಪಿದ್ದಾರೆ. ಸಿಗುವ ಮುಕ್ಕಾಲು ಗಂಟೆಯನ್ನು ಹೇಗೆ ಬಳಸಿಕೊಳ್ಳುವುದು ಒಳ್ಳೆಯದೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1

ಭಾಗಗಳ ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಈ ವಾದ್ಯದ ದೊಡ್ಡ ಗುಣವೆಂದರೆ ಅದರ ಸ್ವರ ಮೌನದೊಳಗಿನಿಂದಲೇ ಮೂಡಿ ಬರಬಲ್ಲದು ಎಂಬುದು. ಮಕ್ಕಳೆಲ್ಲ ಕಣ್ಣು ಮುಚ್ಚಿಕೊಂಡು, ಸ್ವರ ಕೇಳಿದ ಕ್ಷಣಕ್ಕೆ ಕೈ ಎತ್ತಲಿ; ವಾದಕರು ನಾಲಿಗೆ ತಾಕಿಸದೆ, ಬರಿಯ ಉಸಿರಿನಿಂದ, ಒಂದು ಮಂದ್ರಸ್ವರವನ್ನು ಮೆಲ್ಲಗೆ ಎಬ್ಬಿಸಲಿ. ನಾನು ಇದನ್ನು ಮಾಡಿಸಿದಾಗಲೆಲ್ಲ ಒಂದು ಕೈ ಮೊದಲು ಏಳುತ್ತದೆ, ಸ್ವಲ್ಪ ತಡೆದು ಇನ್ನೆರಡು, ಆಮೇಲೆ ಉಳಿದವು. ಸ್ವರ ಯಾವಾಗ ಹುಟ್ಟಿತೆಂಬುದರ ಬಗ್ಗೆ ಮಕ್ಕಳಲ್ಲೇ ಒಮ್ಮತ ಇರುವುದಿಲ್ಲ. ಅದೇ ಆಟವನ್ನು ಓಬೋದಲ್ಲಿ ಆಡಿಸಿದರೆ ಕೈಗಳು ಬಹುಮಟ್ಟಿಗೆ ಒಟ್ಟಿಗೇ ಏಳುತ್ತವೆ, ಏಕೆಂದರೆ ಅದರ ಸ್ವರಕ್ಕೆ ಆರಂಭದಲ್ಲೇ ಒಂದು ಅಂಚು ಇರುತ್ತದೆ. ನಿಮ್ಮ ಮಕ್ಕಳ ಕಿವಿಯಿಂದ ಕ್ಲಾರಿನೆಟ್ ಜಾರುವುದು ಅವರ ತಪ್ಪಲ್ಲ. ಬೇರೆ ವಾದ್ಯಗಳ ದನಿಯೊಳಗೆ ಬೆರೆತುಹೋಗುವುದೇ ಎಷ್ಟೋ ಸಲ ಆರ್ಕೆಸ್ಟ್ರಾದಲ್ಲಿ ಅದರ ಕೆಲಸ.

ಅನಂತರ ರೀಡ್ ತೋರಿಸಿ. ಜೊಂಡಿನ ಕಡ್ಡಿಯನ್ನು ಸೀಳಿ ಹೆರೆದ ಈ ಪಟ್ಟಿಯನ್ನು ವಾದಕರು ಬಾಯಲ್ಲಿ ಒದ್ದೆ ಮಾಡಿಕೊಂಡು ಮೌತ್‌ಪೀಸಿಗೆ ಬಿಗಿಯುವುದನ್ನು ಮಕ್ಕಳು ಹತ್ತಿರದಿಂದ ನೋಡಲಿ. ಬೆಳಕಿಗೆ ಹಿಡಿದರೆ ತುದಿ ಎಷ್ಟು ತೆಳುವೆಂದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಓಬೋದಲ್ಲಿ ಇಂಥ ಎರಡು ಪಟ್ಟಿಗಳು ಒಂದಕ್ಕೊಂದು ಬಡಿಯುತ್ತವೆ, ಇಲ್ಲಿ ಇರುವುದು ಒಂದೇ. ಸ್ಟ್ರಾ ತುದಿಯನ್ನು ಚೂಪಾಗಿ ಕತ್ತರಿಸಿ ಊದಿಸುವ ಆಟ ಮಕ್ಕಳಿಗೆ ಬಹಳ ಪ್ರಿಯವಾದರೂ ಅದು ಓಬೋದ ಪಾಠಕ್ಕೆ ಸಲ್ಲುವಂಥದ್ದು.

ಉತ್ತರ 2

ಮೇಲಿನ ಸಲಹೆ ಒಪ್ಪಿಗೆಯಾಯಿತು. ಅದಕ್ಕೆ ಎರಡು ಕೃತಿಗಳನ್ನು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಮಕ್ಕಳು ಅದಲುಬದಲು ಮಾಡುವ ಮೂರೂ ವಾದ್ಯಗಳು ಅವುಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. 1808ರಲ್ಲಿ ಮೊದಲು ನುಡಿಸಲಾದ ಬೀಥೋವನ್‌ನ ಆರನೆಯ ಸಿಂಫನಿಯ ಎರಡನೆಯ ಭಾಗದ ಕೊನೆಯಲ್ಲಿ ಉಳಿದವರೆಲ್ಲ ಸುಮ್ಮನಾಗಿ ಮೂರು ಹಕ್ಕಿಗಳು ಕೂಗುತ್ತವೆ: ಫ್ಲೂಟ್ ನೈಟಿಂಗೇಲ್, ಓಬೋ ಲಾವುಗೆ, ಕ್ಲಾರಿನೆಟ್ ಕೋಗಿಲೆಯ ಜಾತಿಯ ಕುಕ್ಕೂ. ಆ ಒಂದು ನಿಮಿಷವನ್ನು ನಾಲ್ಕಾರು ಸಲ ಕೇಳಿಸಿದರೆ ಸಾಕು. ಇನ್ನೊಂದು, ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗೆಂದೇ ರಚಿಸಿದ ‘ಪೀಟರ್ ಮತ್ತು ತೋಳ’. ಆ ಕಥೆಯಲ್ಲಿ ಪಾತ್ರಗಳಿಗೆ ವಾದ್ಯಗಳೇ ದನಿ: ಹಕ್ಕಿಗೆ ಫ್ಲೂಟ್, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್. ಬೆಕ್ಕು ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬರುವಾಗ ವಾದ್ಯದ ತಗ್ಗಿನ ಸ್ವರಗಳು ಕೇಳುತ್ತವೆ. ತೋಳಕ್ಕೆ ಹೆದರಿ ಮರ ಹತ್ತುವಾಗ ಅದೇ ವಾದ್ಯ ಸರಸರನೆ ತಾರಸ್ಥಾಯಿಗೆ ಏರುತ್ತದೆ.

ಈ ಏರಿನಲ್ಲಿ ಕ್ಲಾರಿನೆಟ್ಟಿನ ಒಂದು ವಿಶೇಷವೂ ಅಡಗಿದೆ. ಎಡಗೈ ಹೆಬ್ಬೆರಳಿನ ಕೀಲಿ ಒತ್ತಿದರೆ ಫ್ಲೂಟ್ ಅಥವಾ ಓಬೋದ ಹಾಗೆ ಷಡ್ಜದಿಂದ ತಾರಷಡ್ಜಕ್ಕೆ ಹೋಗದೆ, ಅದನ್ನೂ ದಾಟಿ ಮೇಲಿನ ಪಂಚಮಕ್ಕೆ ನೆಗೆಯುತ್ತದೆ. ಉದ್ದಕ್ಕೂ ಬಹುಪಾಲು ಒಂದೇ ಅಗಲದ ಕೊಳವೆಯಾಗಿ, ರೀಡಿನ ತುದಿಯಲ್ಲಿ ಮುಚ್ಚಿದಂತಿರುವುದು ಇದಕ್ಕೆ ಕಾರಣ. ಸರಿಗಮ ಬಲ್ಲ ಮಗು ಈ ನೆಗೆತವನ್ನು ತಾನೇ ಹಾಡಿ ಕಂಡುಕೊಳ್ಳಬಹುದು.

ಆರ್ಕೆಸ್ಟ್ರಾದಲ್ಲಿ ಕ್ಲಾರಿನೆಟ್ ವಾದಕರು ಕೂರುವ ಜಾಗವನ್ನು ಬೇಕಿದ್ದರೆ ಕುರ್ಚಿಗಳಿಂದಲೇ ತೋರಿಸಿ: ತಂತಿವಾದ್ಯಗಳ ಹಿಂದೆ, ನಟ್ಟನಡುವೆ, ಸಾಮಾನ್ಯವಾಗಿ ಫ್ಲೂಟ್‌ಗಳ ಬೆನ್ನಿಗೆ, ಬಸೂನ್ ಎಂಬ ತಗ್ಗು ದನಿಯ ಊದುವ ವಾದ್ಯಗಳ ಮಗ್ಗುಲಿಗೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಕ್ಕಳು ತಾವೂ ಊದಬೇಕೆಂದು ಖಂಡಿತ ಕೇಳುತ್ತಾರೆ. ಬಿಡಬಹುದೇ?

ಉತ್ತರ 1

ಒಬ್ಬರು ಬಾಯಿಟ್ಟ ರೀಡನ್ನು ಇನ್ನೊಬ್ಬರಿಗೆ ಕೊಡಲೇಬಾರದು. ಪ್ರತಿ ಮಗುವಿಗೂ ಹೊಸ ರೀಡ್, ತೊಳೆದು ಶುಚಿಗೊಳಿಸಿದ ಮೌತ್‌ಪೀಸ್ ಒದಗಿಸಲಾಗುವುದಾದರೆ ಮೌತ್‌ಪೀಸ್ ಮತ್ತು ಅದರ ಕೆಳಗಿನ ಗಿಡ್ಡ ಕೊಳವೆಯಾದ ಬ್ಯಾರಲ್ ಇಷ್ಟನ್ನೇ ಜೋಡಿಸಿ ಊದಿಸಿ. ಬರುವುದು ಬಾತುಕೋಳಿಯ ಕೂಗಿನಂಥ ಸದ್ದೇ ಆದರೂ ರೀಡು ತುಟಿಗೆ ಕಚಗುಳಿಯಿಟ್ಟಿದ್ದನ್ನು ಮಗು ಮರೆಯುವುದಿಲ್ಲ. ಇಡೀ ವಾದ್ಯವನ್ನು ಕಲಿಯಲು ಅವಸರ ಬೇಡ. ಸುಮಾರು ಮುಕ್ಕಾಲು ಕಿಲೋ ತೂಕವನ್ನು ಬಲಗೈ ಹೆಬ್ಬೆರಳು ಹೊರಬೇಕು, ಬೆರಳತುದಿಗಳು ತೂತುಗಳನ್ನು ಸಂದಿಲ್ಲದಂತೆ ಮುಚ್ಚಬೇಕು, ಮೇಲಿನ ಮುಂಹಲ್ಲುಗಳು ಹಾಲುಹಲ್ಲು ಬಿದ್ದು ಹೊಸದಾಗಿ ಬಂದಿರಬೇಕು. ಊದಲು ಆಗದ ಮಕ್ಕಳು ವಾದಕರು ನುಡಿಸುವಾಗ ವಾದ್ಯದ ಕೆಳತುದಿಯ ಅಗಲ ಬಾಯಿಯಾದ ಬೆಲ್‌ನ ಹತ್ತಿರ ಅಂಗೈ ಹಿಡಿಯಲಿ. ಎಲ್ಲ ತೂತುಗಳನ್ನೂ ಮುಚ್ಚಿದ ಅತಿ ತಗ್ಗಿನ ಸ್ವರದಲ್ಲಿ ಉಸಿರು ಅಲ್ಲಿಯವರೆಗೆ ಬಂದು ಕೈಗೆ ತಾಕುತ್ತದೆ.